ಹದಿನೇಳರ ಮಗ್ಗಿ

ಇಪ್ಪತ್ತೆರಡು ವರ್ಷ ಹೊಲಿಗೆ ಮೆಷಿನ್ನು ತುಳಿದವಳು ನಾನು.
ಕೂತಲ್ಲೇ ಹೋಗುವುದು ನನಗೆ ಹೊಸದಲ್ಲ.
ಆ ಲೆಕ್ಕದಲ್ಲಿ ದಿಲ್ಲಿಗೆ ಹೋಗಿ ಬಂದಿರಬೇಕು
ಕೋಡಿಬಾಗದ ಈ ಹತ್ತಡಿ ಅಂಗಡಿಯಿಂದ,
ಯಾರ್ಯಾರದೋ ಕುಪ್ಪಸದ ಅಂಚು ಹಿಡಿದು.

ಅದಕ್ಕೇ ಉಲ್ಲಾಸ ತಾಂಡೇಲ,
ನೇವಿಯವನೊಬ್ಬ ವರ್ಗವಾಗಿ ಹೋಗುವಾಗ ಮಾರಿದ ಸ್ಟ್ಯಾಂಡು ತಂದು
ನನ್ನ ಸೈಕಲ್ಲಿನ ಹಿಂಗಾಲಿ ಅದಕ್ಕೆ ಸಿಕ್ಕಿಸಿ
"ತುಳಿ ಅಕ್ಕ" ಅಂದಾಗ
ನಗು ಬಂತು, ಅಷ್ಟೆ.

ಜೂನ್ ಒಂದು. ಬೈತಖೋಲದಲ್ಲಿ ಬೋಟುಗಳೆಲ್ಲ ಕಟ್ಟಿಬಿದ್ದಿವೆ.
ಇಂಜಿನ್ನು ಬಿಚ್ಚಿ ಒರೆಸುವುದು ಬಿಟ್ಟರೆ
ಅರವತ್ತೊಂದು ದಿನ ಅವನಿಗೆ ಕೆಲಸವಿಲ್ಲ.
ಬ್ಲೌಸಿನ ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ
ನನ್ನದೇ ಚಾಕಿನಲ್ಲಿ ಬರೆದ:
ಸೋಮವಾರ ವಿಶ್ರಾಂತಿ.
ಮಂಗಳವಾರ ನಾಲ್ಕು ನಿಮಿಷ ಜೋರು, ನಾಲ್ಕು ನಿಮಿಷ ಸಾವಕಾಶ, ಐದು ಸಲ.
ಗುರುವಾರ ತಾಸು ಪೂರ್ತಿ ಒಂದೇ ಹದ.
"ಹದ ಅಂದ್ರೆ?"
"ಮಾತಾಡಲಿಕ್ಕೆ ಬರಬೇಕು. ಹಾಡಲಿಕ್ಕೆ ಬರಬಾರದು."

ಒಬ್ಬಳೇ ಯಾರ ಹತ್ತಿರ ಮಾತಾಡಲಿ?
ಮಗ್ಗಿ ಹೇಳಿದೆ. ಹದಿನೇಳರದ್ದು.
ನಾಲ್ಕನೇ ಇಯತ್ತೆಯಲ್ಲಿ ಬಾರದೆ ಬೆಂಚಿನ ಮೇಲೆ ನಿಂತದ್ದು
ಅದೊಂದಕ್ಕೇ.
ಹದಿನೇಳೊಂದ್ಲೆ ಹದಿನೇಳು,
ಹದಿನೇಳೆರಡ್ಲೆ ಮೂವತ್ನಾಲ್ಕು.

ಎದುರಿಗೆ ಗೋಡೆ. ಗೋಡೆಯ ಮೇಲೆ ತೇವ,
ದಿನಕ್ಕಿಷ್ಟು ಗಡಿ ಒತ್ತುವ ದೇಶ.
ಕೆಳಗೆ ಬೆವರಿಗೆಂದು ಹಳೇ ಲಂಗ.
ಮೂರನೇ ದಿನ ಪಕ್ಕದ ಫಿಲೋಮಿನಾ ಬಾಯಿ
ಡಬ್ಬಿಯಲ್ಲಿ ಅಕ್ಕಿ ಹಿಡಿದು ಬಾಗಿಲು ಬಡಿದಳು:
ಗಿರಣಿ ಹಾಕಿದ್ದೀಯಲ್ಲ, ಕಿಲೋಕ್ಕೆ ಎಷ್ಟು?

ನಡುವೆ ಒಂದು ವಾರ ಜ್ವರ.
"ತಪ್ಪಿದ್ದನ್ನು ತುಂಬಿಸಲು ಹೋಗಬೇಡ" ಅಂದಿದ್ದ ಉಲ್ಲಾಸ.
ಬಿಟ್ಟ ಹೊಲಿಗೆಯನ್ನು ಬಿಟ್ಟೇಬಿಡುವ ಜಾತಿ ನಾನಲ್ಲ.
ಎರಡು ದಿನದ್ದು ಒಂದೇ ದಿನ ತುಳಿದೆ.
ಮಾರನೆ ಬೆಳಿಗ್ಗೆ
ಮೆಟ್ಟಿಲನ್ನು ಕೂತು ಇಳಿದೆ.

ನಾರಳಿ ಹುಣ್ಣಿಮೆ. ಸಮುದ್ರಕ್ಕೆ ತೆಂಗಿನಕಾಯಿ.
ಉಲ್ಲಾಸ ಬೋಟು ಹತ್ತಿದ, ನಾನು ರಸ್ತೆಗೆ ಇಳಿದೆ.
ಕಾಳಿ ಸೇತುವೆಯ ನಡುಮಧ್ಯೆ ಗೊತ್ತಾಯಿತು
ಗಾಳಿಯ ಬಗ್ಗೆ ಅವನು ಕಾಗದದಲ್ಲಿ ಏನೂ ಬರೆದಿಲ್ಲ.
ಮಾಜಾಳಿಗೆ ಹೋಗಿ ಬಂದೆ. ಆಮೇಲಿನ ರವಿವಾರ ಬಿಣಗಾ ದಾಟಿದೆ,
ಆಮೇಲೆ ಅವರ್ಸಾ, ಆಮೇಲೆ ಅಂಕೋಲೆ.
ಟ್ಯಾಂಕರು ಪಕ್ಕದಲ್ಲಿ ಹಾದಾಗಲೆಲ್ಲ
ಸೂಜಿಗೆ ಪೋಣಿಸಿದ ದಾರದ ಹಾಗೆ ನಾನು ಒಮ್ಮೆ ನಡುಗಿ
ಮತ್ತೆ ನೆಟ್ಟಗೆ.

ಅಕ್ಟೋಬರ್. ನಸುಕಿಗೇ ಹೊರಟಿದ್ದೆ.
ಎರಡು ಪದರ ಸ್ಪಂಜು ಇಟ್ಟು ನಾನೇ ಹೊಲಿದ ಚಡ್ಡಿ.
ಕುಮಟೆ ಹಿಂದಾಯಿತು. ಕತಗಾಲದಲ್ಲಿ ಚಹಾ, ಎರಡು ಬನ್ಸು.
ಇನ್ನು ದೇವಿಮನೆ ಘಟ್ಟ.

ಹದಿನೇಳೊಂದ್ಲೆ ಸಲೀಸು.
ಹದಿನೇಳ್ಮೂರ್ಲೆಗೆ ಗೇರು ಮುಗಿಯಿತು.
ಐದ್ಲೆ, ಎಂಬತ್ತೈದು, ಒಂದು ತಿರುವು.
ಆರ್ಲೆ ನೂರಾ ಎರಡು ಅನ್ನುವಾಗ
ನನ್ನ ದನಿ ನನಗೇ ಯಾರದೋ ಅನ್ನಿಸಿತು.
ಏಳ್ಲೆ ನೂರಾ...
ಹತ್ತೊಂಬತ್ತು ಹೊರಗೆ ಬರಲಿಲ್ಲ.
ಕಾಲು ನೆಲ ಮುಟ್ಟಿತು.

ಅದೇ ಹೊತ್ತಿಗೆ ಸಿರ್ಸಿಯ ಬಸ್ಸು ತಿರುವಿನಲ್ಲಿ ಉಬ್ಬಸಪಡುತ್ತ ಬಂತು.
ಕಿಟಕಿಯಲ್ಲೊಬ್ಬಳು ನನ್ನನ್ನೇ ನೋಡಿದಳು, ಕನಿಕರವೋ ಏನೋ.
ನನಗೆ ಕಂಡದ್ದು ಅವಳ ಬ್ಲೌಸು:
ಎಡತೋಳು ಬಿಗಿ, ಅರ್ಧ ಇಂಚು ಬಿಡಬೇಕಿತ್ತು.

ಕಟ್ಟೆಕಲ್ಲಿನ ಮೇಲೆ ಕೂತೆ. ನೀರು ಕುಡಿದೆ.
ಸಿರ್ಸಿ ಎಲ್ಲಿಗೂ ಹೋಗುವುದಿಲ್ಲ ಅಂತ
ಗಾಲಿ ಕೆಳಗೆ ತಿರುಗಿಸಿದೆ.
ಇಳಿಯುವಾಗ ಹೇಳಲು ಮಗ್ಗಿ ಬೇಕಾಗಲಿಲ್ಲ.

ರಾತ್ರಿ ಉಲ್ಲಾಸನ ಮೆಸೇಜು, ಸಮುದ್ರದಿಂದ, ರೇಂಜು ಸಿಕ್ಕಾಗ:
"ಎಲ್ಲಿ ತನಕ?"
"ಹದಿನೇಳಾರ್ಲೆ ತನಕ" ಅಂತ ಕಳಿಸಿದೆ.
"ಕಿಲೋಮೀಟರು ಕೇಳಿದ್ದು, ಅಕ್ಕ."

ಮಂಗಳವಾರ ಮತ್ತೆ ಸ್ಟ್ಯಾಂಡು.
ಗೋಡೆಯ ದೇಶ ಒಣಗಿ ಒಂದು ಜಿಲ್ಲೆಯಷ್ಟಾಗಿದೆ.
ಫಿಲೋಮಿನಾ ಬಾಯಿ ಹೊಸ್ತಿಲಲ್ಲಿ ಕೂತು
ಮೊರದಲ್ಲಿ ಅಕ್ಕಿ ಆರಿಸುತ್ತಾಳೆ, ಕಿವಿ ಇತ್ತ.
ಮೂರನೇ ಸುತ್ತಿನ ಜೋರಿನಲ್ಲಿ ನನ್ನ ಬಾಯಿ ಕಟ್ಟಿದಾಗ
ತಲೆಯೆತ್ತದೆ, ಒಂದು ಕಲ್ಲು ಎತ್ತಿ ಎಸೆದು,
"ಹೂಂ," ಅನ್ನುತ್ತಾಳೆ, "ಏಳ್ಲೆ?"