ಹಾಳೆಯ ಬಡಗಣ ಮೂಲೆ

ಕೋಟೆ ತಾಲ್ಲೂಕಿನ ನಕ್ಷೆಯಲ್ಲಿ, ಬಡಗಣ ಮೂಲೆಗೆ,
ಕಾಡಿನ ಹಸಿರು ಬಳಿದ ಮೇಲೂ
ಹೆಬ್ಬೆರಳುದ್ದ ಜಾಗ ಖಾಲಿ ಉಳಿದಿತ್ತು.
ಅಲ್ಲೊಂದು ನೀರಿದೆಯಂತೆ, ಅಳೆದು ಬನ್ನಿ ಎಂದರು.
ಇಲಾಖೆಯ ಜೀಪು, ಅರ್ಧ ಚೀಲ ರಾಗಿಹಿಟ್ಟು,
ಸರಪಳಿ ಹಿಡಿಯಲು ಜವರಪ್ಪ,
ದಾರಿಗೆ ಹಾಡಿಯ ಸೋಮಿ, ಅರವತ್ತು ದಾಟಿದವಳು,
ಕಾಲಿಗೆ ಏನೂ ಇಲ್ಲ, ಸೊಂಟದಲ್ಲಿ ಕತ್ತಿ, ಬಾಯಲ್ಲಿ ಎಲೆ.

ಮೊದಲ ದಿನ ಮೂಲ ಹುಡುಕಿದೆವು.
ಬಂಡೆಯ ಸಂದು, ಒಂದು ಒರತೆ,
ಪೆನ್ಸಿಲಿನಿಂದ ಚುಕ್ಕೆ ಇಡಲು ಬರುವಂಥದ್ದು ಏನೋ
ಸಿಕ್ಕೀತೆಂದು ನಾನಿದ್ದೆ.
ಸೋಮಿ ನಿಂತದ್ದು ಹಡ್ಲಿನ ನಡುವೆ.
ಮೊಣಕಾಲುದ್ದ ಹುಲ್ಲು, ಕೆಳಗೆ ಕಪ್ಪು ಮಣ್ಣು.
ಹೆಜ್ಜೆಯಿಟ್ಟರೆ ನೆಲ ಒಂದಿಷ್ಟು ತಗ್ಗಿ,
ಎತ್ತಿದರೆ ಆ ಗುರುತಿನಲ್ಲಿ
ನಿಧಾನಕ್ಕೆ ನೀರು ತುಂಬುತ್ತಿತ್ತು.
'ಇಲ್ಲೇ' ಅಂದಳು.
ಇಲ್ಲೇ ಅಂದರೆ ಎಲ್ಲಿ?
'ನೀವು ತುಳಿದಲ್ಲೆಲ್ಲ.'

ಜವರಪ್ಪ ಮದ್ದೂರಿನ ಕಡೆಯವನು, ನಾಲೆಯಲ್ಲಿ ಈಜು ಕಲಿತವನು.
'ಇದ್ನೂವೆ ಹೊಳೆ ಅಂದ್ಬುಟ್ರೆ, ಸಾ,
ನಮ್ಮೂರ್ ನಾಲೆ ಸಮುದ್ರ ಆಯ್ತದೆ' ಎಂದು ನಕ್ಕ.
ದಾಟುವಾಗ ಮಾತ್ರ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದ.
ಯಾಕೆಂದು ನಾನು ಕೇಳಲಿಲ್ಲ.

ಹಡ್ಲು ಮುಗಿದಲ್ಲಿ ಅದಕ್ಕೆ ದಡ ಹುಟ್ಟುತ್ತದೆ.
ಮತ್ತಿಯ ಬೇರು ಹಿಡಿದು ಎಡಕ್ಕೆ ಹೊರಳಿ,
ಹೂಬಿಟ್ಟು ಸತ್ತ ಬಿದಿರುಮೆಳೆಗಳಡಿ
ನೂರು ಮಾರು ಕಾಣದೆ ಹೋಗಿ,
ಆನೆ ಮೈ ತಿಕ್ಕಿ ನುಣುಪಾದ ಬಂಡೆಯ ಪಕ್ಕ
ಮತ್ತೆ ಏನೂ ಆಗಿಲ್ಲವೆಂಬಂತೆ.
ಹೆಸರೇನು ಎಂದೆ. ಸೋಮಿಗೆ ಸಿಟ್ಟು ಬಂತು.
ಯಾವುದರದ್ದು? ಈ ತಿರುವು ಕೆನ್ನಾಯಿನೆಕ್ಕು,
ಅದರಾಚೆ ತುಡುವೆಗುಂಡಿ,
ಆಳವಿರುವಲ್ಲಿ ಅತ್ತೆಮಡು.
ಅವಳತ್ತೆ ಅಲ್ಲಿ ಕಾಲು ಜಾರಿದ್ದಳಂತೆ.
ಮುಳುಗಲಿಲ್ಲ, ಬೈದಳು ಅಷ್ಟೆ.
ನಾಲ್ಕೂವರೆ ಮೈಲಿಗೆ ಹನ್ನೊಂದು ಹೆಸರು
ಫೀಲ್ಡ್ ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡೆ.

ತೊಡಕಾದದ್ದು ಕೊನೆಯಲ್ಲಿ.
ಆಷಾಢ ಕಳೆದರೆ ಕಬಿನಿಯ ಹಿನ್ನೀರು
ಕಾಡಿನೊಳಗೇ ಏರಿ ಬಂದು
ಅತ್ತೆಮಡುವಿನ ಬುಡದಲ್ಲೇ ಅದನ್ನು ನುಂಗುತ್ತದೆ.
ಕೆಂಪಗೆ, ದಡ ತುಂಬಿ, ಸದ್ದು ಮಾಡುವ ದಿನಗಳಲ್ಲಿ
ಅದು ತೀರ ಗಿಡ್ಡ.
ಚೈತ್ರಕ್ಕೆ ಹಿನ್ನೀರು ಇಳಿದು
ಬಿರುಕು ಬಿಟ್ಟ ಬಯಲು ಮೇಲೆದ್ದಾಗ
ಕೈಬಳೆಯಷ್ಟು ಅಗಲದ ನೀರು
ಇನ್ನೂ ಎರಡು ಮೈಲಿ ನಡೆಯುತ್ತದೆ,
ಕೆಸರಿನಡಿ ಹೂತ ತನ್ನ ಹಳೆಯ ಪಾತ್ರವನ್ನೇ ಹಿಡಿದು.
ಒಣಗಿದಷ್ಟೂ ಉದ್ದ.
ಇಂಥದಕ್ಕೆ ನಮ್ಮಲ್ಲಿ ಗೆರೆಯಿರಲಿಲ್ಲ.
ತುಂಬುಗೆರೆ ಇತ್ತು, ತುಂಡುಗೆರೆ ಇತ್ತು.

ನಾವು ಹೋದದ್ದು ಚೈತ್ರದಲ್ಲಿ.
ಬಯಲಿಗೆ ಇಳಿದದ್ದೇ ಸೋಮಿ ಬಿರಬಿರನೆ ಮುಂದಾದಳು.
ಒರಳಿನ ಅರ್ಧ. ಮೂರು ಒಲೆಗುಂಡು.
ಇಷ್ಟು ಮುಳುಗಡೆಗೂ ಕೊಳೆಯದ ಹೊನ್ನೆ ಬೊಡ್ಡೆ.
'ಇಲ್ಲಿಂದ ನೀರಿಗೆ ಹನ್ನೆರಡು ಹೆಜ್ಜೆ'
ಎಂದು ಎಣಿಸುತ್ತ ಹೋದಳು. ಹದಿನಾಲ್ಕಾಯಿತು.
ತಿರುಗಿ ಬಂದು ಮತ್ತೆ ಎಣಿಸಿದಳು. ಹದಿನಾಲ್ಕೇ.
'ಹೊಳೆ ಸರೀತೋ, ನನ್ನ ಕಾಲು ಗಿಡ್ಡಾಯ್ತೋ.'
ಜವರಪ್ಪ ಸರಪಳಿ ಬಿಚ್ಚಲಿಲ್ಲ.
ಹೆಗಲಿಂದ ಹೆಗಲಿಗೆ ಬದಲಾಯಿಸಿಕೊಂಡು
ದೂರದ ಕೊಕ್ಕರೆಗಳನ್ನು ನೋಡುತ್ತ ನಿಂತ.

ಮೈಸೂರಿನ ಕಚೇರಿಯಲ್ಲಿ ಫ್ಯಾನು ನಿಲ್ಲಿಸಿ
ಹಾಳೆ ಹಾಸಿ ನೀಲಿ ಶಾಯಿ ತುಂಬಿದೆ.
ಉದ್ದ ಎಂಬ ಕಾಲಮ್ಮಿನಲ್ಲಿ ಏನು ಬರೆದೆನೋ,
ಯಾವುದೋ ಸರಾಸರಿ.
ಅಚ್ಚಾಗಿ ಬಂದಾಗ ಗೆರೆ ಕೂದಲಿನಷ್ಟಿತ್ತು,
ಪಕ್ಕದಲ್ಲಿ ಓರೆ ಅಕ್ಷರ: ಹಳ್ಳ.
ಜವರಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದ.
'ಅತ್ತೆಮಡು ಎಲ್ಲೈತೆ, ಸಾ?'
ಬೆರಳಿಟ್ಟು ತೋರಿಸಿದೆ.
ಉಗುರಿನಡಿ ಮಡುವೂ, ತುಡುವೆಗುಂಡಿಯೂ,
ಕೆನ್ನಾಯಿ ನೆಕ್ಕಿದ ತಿರುವೂ ಮುಚ್ಚಿಹೋದವು.
ಬೆರಳು ತೆಗೆಯಿರಿ ಎಂದು ಅವನು ಹೇಳಲಿಲ್ಲ.