ಇಪ್ಪತ್ತಾರನೆಯ ಬೀಡಿ

ಪೆರ್ಮನ್ನೂರಿನ ನಮ್ಮ ಶಾಲೆಗೆ ಬಂದದ್ದು ಹತ್ತೇ ಬೋರ್ಡು,
ಒಂದೊಂದೂ ಬೆಂಕಿಪೊಟ್ಟಣದಷ್ಟು.
ಒಂದನ್ನು ಸಹಿ ಹಾಕಿ ಮನೆಗೊಯ್ದಳು ರಾಫಿಯಾ,
ಶಾಲಿನ ತುದಿಗೆ ಗಂಟು ಕಟ್ಟಿ.

ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ
ಅವಳು ಮಾಡಿದ್ದು ಆಟವಲ್ಲ:
ಗುಂಡಿ ಒತ್ತಿದರೆ ಒಂದು ಬೀಡಿ,
ಇಪ್ಪತ್ತೈದು ದಾಟಿದರೆ
ಕೆಂಪು ದೀಪಗಳಲ್ಲೊಂದು ಹೃದಯ,
ಮತ್ತೆ ಮೊದಲಿಂದ.

ಉಮ್ಮ ನೆಬಿಸಾ ಗೆರಸೆ ತೊಡೆಯ ಮೇಲಿಟ್ಟು
ಎಲೆ ಸುರುಟಿ, ನೂಲು ಸುತ್ತಿ,
ಮೊಣಕೈಯಲ್ಲಿ ಗುಂಡಿ ಒತ್ತಿದಳಂತೆ.
ಹೃದಯ ಬೆಳಗಿತು.
ಆಕೆ ಬೀಡಿಗಳನ್ನು ಮುಷ್ಟಿಯಲ್ಲಿ ಹಿಡಿದು, ನೋಡದೆಯೇ,
"ಒಂದು ಜಾಸ್ತಿ ಉಂಟು" ಅಂದಳು.
ಬೀಡಿ ಬ್ರಾಂಚಿನವರು ಆ ಒಂದಕ್ಕೆ ದುಡ್ಡು ಕೊಡುವುದಿಲ್ಲ.

ಮರುದಿನ ನಾನು ತುಂಡುಗಳ ಬಣ್ಣ ಕಳಚಿ
ಅಕ್ಷರದ ಸಾಲುಗಳನ್ನು ತೋರಿಸಿದೆ.
ಬೋಳು ಸಾಲು. ಕೆಲವು ಅಂಚಿಗೆ,
ಕೆಲವು ನಾಲ್ಕು ಜಾಗ ಒಳಗೆ, ಬಾಗಿಲು ದಾಟಿದ ಹಾಗೆ.
ಅವಳ ಬೆರಳು ಇಳಿಯುತ್ತಾ ಬಂದು ನಿಂತಿತು
ಗಿಣಿಯ ಕೊಕ್ಕಿನಂಥ ಒಂದು ಗುರುತಿನಲ್ಲಿ.

"ದಾಟುವುದು ಬೇಡ ಟೀಚರ್,
ಮುಟ್ಟಿದರೆ ಸಾಕು."

ಕೊಕ್ಕು ಅಳಿಸಿ ಎರಡು ಜೋಡಿಗೆರೆ ಹಾಕಿದಳು.

ಬೋರ್ಡಿನ ಲೆಕ್ಕ ಈಗ ತಪ್ಪುವುದಿಲ್ಲ.
ಉಮ್ಮ ಮಾತ್ರ ಒತ್ತುವುದು ಬಿಟ್ಟಿದ್ದಾಳಂತೆ:
ಗುಂಡಿಯ ಮೇಲೆ ಗಮನ ಇಟ್ಟರೆ
ಪಕ್ಕದ ಮನೆಯ ಸುದ್ದಿ
ಅರ್ಧಕ್ಕೇ ನಿಲ್ಲುತ್ತದೆ.