ಮದ್ದಿಲ್ಲದ ತಿಂಗಳು

ಬಳ್ಳಾರಿ ಬ್ರೂಸ್‌ಪೇಟೆ, ಪೀರಾಸಾಬನ ಅಂಗಡಿ.
ಲೈಸೆನ್ಸು ಪುಸ್ತಕ ಬಿಚ್ಚಿಟ್ಟೆ.
‘ಮೂರು ತಿಂಗಳಾತು, ಮಾಲೇ ಬಂದಿಲ್ರೀ ಅಕ್ಕಾರ.’

ಆಮೇಲೆ ಕದ ಅರ್ಧ ಎಳೆದು
ಮೂರು ಡಬ್ಬಿ ತೆಗೆದ.
ಒಂದು ಎರಡು ಮಳೆಗಾಲ ಕಂಡದ್ದು; ಅಲ್ಲಾಡಿಸಿದರೆ
ಹಳೇ ಬೆಲ್ಲದಂತೆ ಒಂದೇ ಹೆಂಟೆಯಾಗಿ ಹೊರಳಿತು.
ಇನ್ನೊಂದು ಕ್ವಾರಿಯವರದು, ಜೋಳದ ನುಚ್ಚಿನಷ್ಟು ದಪ್ಪ,
ಬಂಡೆ ಸೀಳುವ ಸಿಟ್ಟು ಅದರದು.
ಮೂರನೆಯದು ಕಾಡಿಗೆಯಷ್ಟು ನಯ. ಚೀಟಿಯೇ ಇಲ್ಲ.

‘ಇದು ಯಾವುದು?’
‘ಚೊಲೊ ಐತಿ ಅಂತಾರ.’
ಅಂತಾರ.

ನಮ್ಮ ಮಾವನ ಎಡಗೈಗೆ ಮೂರೇ ಬೆರಳು.
ಊಟಕ್ಕೆ ಕೂತಾಗಲೆಲ್ಲ ಅನ್ನುತ್ತಿದ್ದ:
ಹೆಸರು ಗೊತ್ತಿಲ್ಲದ ಮದ್ದು
ಹೊಟ್ಟಿಗೂ ಬ್ಯಾಡ, ನಳಿಗಿಗೂ ಬ್ಯಾಡ.

ಡಬ್ಬಿಗಳು ಒಳಗೆ ಹೋದವು. ಪೀರಾಸಾಬ
ಚಹಾ ತರಿಸಿದ, ಮುಖ ನೋಡಲಿಲ್ಲ.

ದರೋಜಿ ಕಡೆಯ ಕೊನೇ ಬಸ್ಸು.
ರಾತ್ರಿ ಮಂಚಿಗೆಯ ಮೇಲೆ ನಾನು, ಖಾಲಿ ಬಂದೂಕು,
ಮೆಕ್ಕೆಜೋಳದೊಳಗೆ ಕರಡಿಯ ಉಸಿರು.
ಬಾಯಲ್ಲೇ ಢಂ ಅಂದೆ.
ನನಗೇ ನಗು ಬಂತು.
ಕೊಡ ಮಗುಚಿ ಬಡಿಯತೊಡಗಿದೆ,
ಹತ್ತೂ ಬೆರಳಲ್ಲಿ.

ದಂಟು ಸರಿದ ಸದ್ದು.
ಆಚೆಗೋ, ಈಚೆಗೋ,
ಕತ್ತಲಲ್ಲಿ ತಿಳಿಯಲಿಲ್ಲ.